ಹೇನಿಗೆ ಮನೆಮದ್ದು: ಸೀತಾಫಲದ ಬೀಜ ಬೇಡ, ಎಣ್ಣೆ ಮತ್ತು ಸೀರಣಿಗೆ ಸಾಕು

ಪ್ರಶ್ನೆ: ನನ್ನ ಮಗಳಿಗೆ 8 ವರ್ಷ. ಸೊಂಟದವರೆಗೆ ಬರುವ ದಟ್ಟ ಕೂದಲು. ಎರಡು ತಿಂಗಳಿಂದ ತಲೆಯಲ್ಲಿ ವಿಪರೀತ ಹೇನು. ಮೆಡಿಕಲ್ ಅಂಗಡಿಯಿಂದ ಹೇನಿನ ಔಷಧ ತಂದು ಒಮ್ಮೆ ಹಚ್ಚಿದೆವು. ಕಡಿಮೆಯಾದಂತೆ ಕಂಡು ಎರಡೇ ವಾರದಲ್ಲಿ ಮತ್ತೆ ಬಂದವು. ಇನ್ನು ರಾಸಾಯನಿಕ ಬೇಡವೆಂದು ಅತ್ತೆಯವರು ಸೀತಾಫಲದ ಬೀಜ ಒಣಗಿಸಿ ಇಟ್ಟಿದ್ದಾರೆ. ಪಕ್ಕದ ಮನೆಯವರು ಸೀಮೆಎಣ್ಣೆ ಹಚ್ಚಿ ಎನ್ನುತ್ತಾರೆ, ಇನ್ನೊಬ್ಬರು ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ ಎನ್ನುತ್ತಾರೆ. ಮನೆಯಲ್ಲಿ ಒಂದೂವರೆ ವರ್ಷದ ಮಗುವೂ ಇದೆ. ಶಾಲೆಯಲ್ಲಿ ಮಗಳನ್ನು ಬೇರೆ ಕೂರಿಸಿದ್ದಾರೆ. ಕೂದಲು ಕತ್ತರಿಸಿಬಿಡಲೇ? ಯಾವ ಮನೆಮದ್ದು ನಿಜವಾಗಿ ಕೆಲಸ ಮಾಡುತ್ತದೆ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನೀವು ಹಲವು ವಿಷಯಗಳನ್ನು ಕೇಳಿದ್ದೀರಿ. ಅವುಗಳಲ್ಲಿ ಸೀತಾಫಲದ ಬೀಜದ ವಿಷಯ ಕಾಯುವಂಥದ್ದಲ್ಲವಾದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ಅತ್ತೆಯವರು ಒಣಗಿಸಿಟ್ಟಿರುವ ಬೀಜಗಳನ್ನು ದಯವಿಟ್ಟು ಕುಟ್ಟಬೇಡಿ, ಮಗಳ ತಲೆಗೆ ಹಚ್ಚಬೇಡಿ. ಅವರು ಹೇಳುವುದು ಸುಳ್ಳೆಂದು ಇದರ ಅರ್ಥವಲ್ಲ. ಆ ಬೀಜ ಹೇನನ್ನು ಕೊಲ್ಲುತ್ತದೆ. ನಮ್ಮ ಹಳ್ಳಿಗಳಲ್ಲಿ ಮಾತ್ರವಲ್ಲ, ಥಾಯ್ಲೆಂಡಿನಲ್ಲಿಯೂ ಅದನ್ನು ಇದೇ ಕೆಲಸಕ್ಕೆ ಬಳಸುತ್ತಾ ಬಂದಿದ್ದಾರೆ. ತೊಂದರೆ ಇರುವುದು ಅದು ಕೊಲ್ಲುವ ಬಗೆಯಲ್ಲಿ. ಬೀಜದೊಳಗಿರುವ ಅಸಿಟೊಜೆನಿನ್ ಎಂಬ ಗುಂಪಿನ ರಾಸಾಯನಿಕಗಳು ಜೀವಕೋಶವು ತನಗೆ ಬೇಕಾದ ಶಕ್ತಿಯನ್ನು ತಯಾರಿಸಿಕೊಳ್ಳುವ ವ್ಯವಸ್ಥೆಯನ್ನೇ ನಿಲ್ಲಿಸಿಬಿಡುತ್ತವೆ. ಆ ಜೀವಕೋಶ ಹೇನಿನದೋ ಮಗುವಿನ ಕಣ್ಣಿನದೋ ಎಂಬ ಭೇದ ಅವಕ್ಕೆ ತಿಳಿಯದು.

ಕೆಲವು ವರ್ಷಗಳ ಹಿಂದೆ ಸುಮಾರು 10 ವರ್ಷದ ಹುಡುಗಿಯೊಬ್ಬಳನ್ನು ತಲೆಯ ಉರಿಯೆಂದು ನನ್ನ ಬಳಿಗೆ ಕರೆತಂದಿದ್ದರು. ಆಕೆ ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕುಳಿತಿದ್ದಳು; ಮುಖ ಎತ್ತೆಂದರೆ ಅಳುತ್ತಿದ್ದಳು. ಹಿಂದಿನ ರಾತ್ರಿ ಸೀತಾಫಲದ ಬೀಜದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ತಲೆಗೆ ಹಚ್ಚಿ ಬಟ್ಟೆ ಕಟ್ಟಿದ್ದರು, ಬೆಳಿಗ್ಗೆ ತಲೆಗೆ ನೀರು ಹಾಕುವಾಗ ಆ ನೀರು ಕಣ್ಣಿಗೆ ಇಳಿದಿತ್ತು. ಇಳಿದದ್ದು ನಾಲ್ಕು ಹನಿ ಇರಬಹುದು. ಚರ್ಮದ ವೈದ್ಯಳಾದ ನಾನು ಮಾಡುವುದೇನೂ ಇರಲಿಲ್ಲ. ಕೂಡಲೇ ನೇತ್ರ ತಜ್ಞರ ಬಳಿಗೆ ಕರೆದೊಯ್ದೆವು. ಅವರು ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ತೋರಿಸಿದಾಗ, ಕಾರ್ನಿಯದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಮೇಲ್ಪೊರೆ ಸುಲಿದುಹೋದ ಜಾಗವೆಲ್ಲ ಹಸಿರಾಗಿ ಹೊಳೆಯುತ್ತಿತ್ತು. ಆ ಮಗುವಿನ ಕಣ್ಣು ಚಿಕಿತ್ಸೆಯಿಂದ ಕೆಲವು ದಿನಗಳಲ್ಲಿ ಸರಿಯಾಯಿತು. ಇಂಥ ಪ್ರಕರಣಗಳನ್ನು ಭಾರತದ ನೇತ್ರ ವೈದ್ಯರು ಮತ್ತೆಮತ್ತೆ ದಾಖಲಿಸಿದ್ದಾರೆ. ಎಲ್ಲಿಯಾದರೂ ಆ ಪುಡಿ ಕಣ್ಣಿಗೆ ಬಿದ್ದರೆ ಉಜ್ಜಬಾರದು. ಎದೆಹಾಲು, ಹರಳೆಣ್ಣೆ ಇತ್ಯಾದಿ ಏನನ್ನೂ ಹಾಕಬಾರದು. ಹರಿಯುವ ಶುದ್ಧ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆದು ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಸೀಮೆಎಣ್ಣೆ ನೆತ್ತಿಯ ಚರ್ಮವನ್ನು ಸುಡುತ್ತದೆ, ಒಲೆ ಅಥವಾ ದೀಪದ ಬಳಿ ಹೋದರೆ ಕೂದಲಿಗೇ ಬೆಂಕಿ ಹೊತ್ತಿಕೊಳ್ಳುತ್ತದೆ. ಬಾಟಲಿಯನ್ನು ಚಿಕ್ಕ ಮಗು ಬಾಯಿಗಿಟ್ಟುಕೊಂಡು ಒಂದು ಗುಟುಕು ಶ್ವಾಸಕೋಶಕ್ಕೆ ಹೋದರಂತೂ ಪ್ರಾಣಕ್ಕೇ ಅಪಾಯ. ಕರ್ಪೂರ ದೇವರ ಮನೆಯ ವಸ್ತುವಾದ್ದರಿಂದ ನಮಗೆ ಅದರ ಬಗ್ಗೆ ಭಯವಿಲ್ಲ, ಆದರೆ ಒಂದೂವರೆ ವರ್ಷದ ಮಗುವಿನ ಹೊಟ್ಟೆಗೆ ಸ್ವಲ್ಪವೇ ಕರ್ಪೂರ ಹೋದರೂ ಫಿಟ್ಸ್ ಬರಬಹುದು. ಅದು ಚರ್ಮದ ಮೂಲಕವೂ, ಅದರಲ್ಲೂ ಕೆರೆದು ಗಾಯವಾದ ನೆತ್ತಿಯ ಮೂಲಕ, ಒಳಗೆ ಸೇರುತ್ತದೆ. ಹೊಗೆಸೊಪ್ಪಿನ ನೀರು, ಉಮ್ಮತ್ತಿಯ ಎಲೆಯ ರಸ, ಜಿರಲೆಗೆ ಗೀಚುವ ಸೀಮೆಸುಣ್ಣದಂಥ ವಿಷ, ಹೊಲಕ್ಕೆ ಹೊಡೆಯಲು ತಂದ ಕೀಟನಾಶಕ, ಇವುಗಳಲ್ಲಿ ಯಾವುದನ್ನೂ ತಲೆಗೆ ಮುಟ್ಟಿಸಬೇಡಿ. ಹತ್ತಿಗೆ ಹೊಡೆಯುವ ಔಷಧದ ಡಬ್ಬಿ ಮನೆಯ ಮೂಲೆಯಲ್ಲಿಯೇ ಇರುವ ಊರುಗಳಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗುತ್ತದೆ.

ಇನ್ನು ಕೆಲಸ ಮಾಡುವ ಮದ್ದಿನ ವಿಷಯ. ಅದಕ್ಕೆ ಮುಂಚೆ, ಹಚ್ಚಿದ ಔಷಧ ಏಕೆ ಸೋತಿತೆಂಬುದನ್ನು ತಿಳಿಯಬೇಕು. ಅದು ತಿಳಿಯದೆ ಯಾವ ಮನೆಮದ್ದೂ ಗೆಲ್ಲುವುದಿಲ್ಲ. ಹೆಣ್ಣು ಹೇನು ದಿನಕ್ಕೆ ಸುಮಾರು 6ರಿಂದ 8 ಮೊಟ್ಟೆಗಳನ್ನಿಡುತ್ತದೆ. ನಾವು ಸೀರು ಎನ್ನುವುದು ಇದನ್ನೇ. ಒಂದು ಮಿಲಿಮೀಟರಿಗಿಂತಲೂ ಸಣ್ಣದಾದ ಈ ಮೊಟ್ಟೆಯನ್ನು ಹೇನು ಕೂದಲಿನ ಬುಡದಲ್ಲಿ, ನೆತ್ತಿಯ ಬಿಸಿ ತಾಕುವಷ್ಟು ಹತ್ತಿರದಲ್ಲಿ, ಅಂಟಿನಿಂದ ಕೂದಲಿಗೆ ಸುತ್ತಿ ಕೂರಿಸುತ್ತದೆ. 7ರಿಂದ 10 ದಿನಗಳಲ್ಲಿ ಅದು ಒಡೆದು ಮರಿ ಬರುತ್ತದೆ. ಮರಿ ಬೆಳೆದು ತಾನೇ ಮೊಟ್ಟೆಯಿಡಲು ಇನ್ನೂ 9ರಿಂದ 12 ದಿನಗಳು ಬೇಕು. ಬೆಳೆದ ಹೇನು ಸುಮಾರು ಒಂದು ತಿಂಗಳು ಬದುಕುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಪರ್ಮೆಥ್ರಿನ್‌ನಂಥ ಔಷಧಗಳು ಓಡಾಡುವ ಹೇನುಗಳನ್ನು ಕೊಂದರೂ ಮೊಟ್ಟೆಯೊಳಗಿನ ಮರಿಗಳನ್ನೆಲ್ಲ ಕೊಲ್ಲಲಾರವು. ಆದ್ದರಿಂದಲೇ ಅದನ್ನು ಸುಮಾರು 9 ದಿನ ಬಿಟ್ಟು ಎರಡನೆಯ ಸಲ ಹಚ್ಚಬೇಕು. ನೀವು ಒಂದೇ ಸಲ ಹಚ್ಚಿದಿರಿ. ಉಳಿದ ಸೀರುಗಳು ಒಡೆದವು. ಎರಡು ವಾರಕ್ಕೆ ಮತ್ತೆ ಬಂದವು ಎಂದು ನೀವು ಬರೆದಿರುವ ಲೆಕ್ಕ ಇದಕ್ಕೆ ಸರಿಯಾಗಿ ಹೊಂದುತ್ತದೆ. ಈ ಔಷಧಕ್ಕೆ ಬಗ್ಗದ ಹೇನುಗಳೂ ಜಗತ್ತಿನ ಅನೇಕ ಕಡೆ ಹುಟ್ಟಿಕೊಂಡಿವೆ ಎಂಬುದೂ ನಿಜ.

ಈ ಲೆಕ್ಕದಲ್ಲಿಯೇ ಪರಿಹಾರವೂ ಇದೆ. ಮೊಟ್ಟೆಯನ್ನು ಕೊಲ್ಲಲಾಗದಿದ್ದರೆ ಬೇಡ. ಒಡೆದು ಬಂದ ಪ್ರತಿಯೊಂದು ಮರಿಯನ್ನೂ ಅದು ಮೊಟ್ಟೆಯಿಡುವ ವಯಸ್ಸಿಗೆ ಬರುವ ಮೊದಲೇ ತಲೆಯಿಂದ ಹೊರಗೆ ತೆಗೆದರೆ ಸಂತತಿ ಅಲ್ಲಿಗೆ ನಿಲ್ಲುತ್ತದೆ. ಅದಕ್ಕೆ ಬೇಕಾದದ್ದು ಕೊಬ್ಬರಿ ಎಣ್ಣೆ, ಒಂದು ಒಳ್ಳೆಯ ಸೀರಣಿಗೆ ಮತ್ತು ಮೂರು ವಾರಗಳ ಶಿಸ್ತು. ಭಾನುವಾರ ಮತ್ತು ಬುಧವಾರ, ಹೀಗೆ ವಾರಕ್ಕೆ ಎರಡು ದಿನ ಗೊತ್ತು ಮಾಡಿಕೊಳ್ಳಿ. ಭಾನುವಾರ ಎಣ್ಣೆಸ್ನಾನ ನಮ್ಮಲ್ಲಿ ಹೇಗೂ ರೂಢಿ. ಬುಧವಾರ ಶಾಲೆಯಿಂದ ಬಂದ ಮೇಲೆ ಬೆಳಕಿರುವಾಗಲೇ ಮುಗಿಸಬಹುದು. ಭಾನುವಾರ ಒಂದೇ ಸಾಲದೇ ಎಂದು ಹಲವರು ಕೇಳುತ್ತಾರೆ. ಒಂದು ಸಲದ ಬಾಚಣಿಕೆಯಲ್ಲಿ ಎಲ್ಲವೂ ಸಿಗುವುದಾಗಿದ್ದರೆ ಸಾಕಿತ್ತು, ಆದರೆ ಒಂದೆರಡು ಮರಿಗಳು ಯಾವಾಗಲೂ ತಪ್ಪಿಸಿಕೊಳ್ಳುತ್ತವೆ. ತಪ್ಪಿಸಿಕೊಂಡದ್ದು ಬಲಿಯುವ ಮೊದಲು ನಮಗೆ ಇನ್ನೂ ಎರಡು ಮೂರು ಅವಕಾಶಗಳು ಇರಬೇಕು.

ಸೀರಣಿಗೆಯ ಆಯ್ಕೆಯಲ್ಲಿ ಜಿಪುಣತನ ಬೇಡ. ಹಲ್ಲುಗಳು ಉಕ್ಕಿನವಾಗಿರಲಿ, ಉದ್ದವಾಗಿರಲಿ, ಒಂದಕ್ಕೊಂದು ಎಷ್ಟು ಹತ್ತಿರವೆಂದರೆ ನಡುವಿನ ಸಂದು 0.3 ಮಿಲಿಮೀಟರಿಗಿಂತ ಹೆಚ್ಚಿರಬಾರದು. ಪ್ಲಾಸ್ಟಿಕ್ ಹಲ್ಲುಗಳು ದಟ್ಟ ಕೂದಲಿನಲ್ಲಿ ಬಾಗಿ, ಮರಿಹೇನುಗಳನ್ನು ಸಂದಿಯಲ್ಲಿ ಬಿಟ್ಟುಬಿಡುತ್ತವೆ. ಈ ಸಾಧನ ಎಷ್ಟು ಹಳೆಯದೆಂದರೆ, ಇಸ್ರೇಲಿನ ಲಾಖೀಶ್ ಎಂಬ ಪ್ರಾಚೀನ ನಗರದ ಉತ್ಖನನದಲ್ಲಿ ಸುಮಾರು 3,700 ವರ್ಷಗಳ ಹಿಂದಿನ ದಂತದ ಬಾಚಣಿಗೆಯೊಂದು ಸಿಕ್ಕಿದೆ. ಅದರ ಒಂದು ಬದಿಯಲ್ಲಿ ಸಿಕ್ಕು ಬಿಡಿಸಲು 6 ದಪ್ಪ ಹಲ್ಲುಗಳು, ಇನ್ನೊಂದು ಬದಿಯಲ್ಲಿ ಹೇನು ತೆಗೆಯಲು 14 ಸಣ್ಣ ಹಲ್ಲುಗಳು ಇದ್ದವು. 2022ರಲ್ಲಿ ಓದಲಾದ ಅದರ ಮೇಲಿನ ಬರಹ, ಈ ದಂತವು ತಲೆಯ ಮತ್ತು ಗಡ್ಡದ ಹೇನುಗಳನ್ನು ಕಿತ್ತು ತೆಗೆಯಲಿ ಎಂಬ ಹಾರೈಕೆ. ಹೇನಿನಿಂದ ಬೇಸತ್ತ ಯಾವುದೋ ಮನೆಯವರು ಅಂದು ಬಯಸಿದ್ದೂ ನೀವು ಇಂದು ಬಯಸುತ್ತಿರುವುದೂ ಒಂದೇ.

ಮಾಡುವ ಕ್ರಮ ಹೀಗೆ. ಕೂದಲಿನ ಬುಡದಿಂದ ತುದಿಯವರೆಗೆ ತೊಟ್ಟಿಕ್ಕುವಷ್ಟು ಕೊಬ್ಬರಿ ಎಣ್ಣೆ ಹಚ್ಚಿ, ಹತ್ತಿಯ ಬಟ್ಟೆ ಸುತ್ತಿ ಒಂದೆರಡು ಗಂಟೆ ಬಿಡಿ. ಪ್ಲಾಸ್ಟಿಕ್ ಚೀಲವನ್ನು ಮಗುವಿನ ತಲೆಗೆ ಕಟ್ಟಿ ಮಲಗಿಸುವುದು ಎಂದಿಗೂ ಬೇಡ. ಬಳಿಕ ಮಗಳನ್ನು ಜಗಲಿಯಲ್ಲಿ ಬೆಳಕಿಗೆ ಕೂರಿಸಿ, ಹೆಗಲಿಗೊಂದು ಬಿಳಿ ಬಟ್ಟೆ ಹೊದಿಸಿ, ಮೊದಲು ದೊಡ್ಡ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ಕೂದಲನ್ನು ಎರಡು ಬೆರಳಗಲದ ಎಳೆಗಳಾಗಿ ವಿಂಗಡಿಸಿಕೊಂಡು, ಸೀರಣಿಗೆಯ ಹಲ್ಲು ನೆತ್ತಿಯನ್ನು ತಾಕುವಂತಿಟ್ಟು ತುದಿಯವರೆಗೆ ಒಂದೇ ಎಳೆತದಲ್ಲಿ ಎಳೆಯಿರಿ. ಪ್ರತಿ ಎಳೆತದ ನಂತರವೂ ಸೀರಣಿಗೆಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿ. ಬಟ್ಟೆಯ ಮೇಲೆ ಎಳ್ಳಿನ ಕಾಳಿನಷ್ಟು ದೊಡ್ಡದಾಗಿ ಕಾಣುವುದು ಬೆಳೆದ ಹೇನು. ಅದರ ಹೊಟ್ಟೆಯ ನಡುವೆ ಕಾಣುವ ಕಡುಗೆಂಪು ಚುಕ್ಕೆ ಅದು ಕುಡಿದ ರಕ್ತ. ಸೂಜಿಯ ಮೊನೆಯಷ್ಟಿದ್ದು ಮಂಕು ಬಣ್ಣದಲ್ಲಿ ತೆವಳುವುದು ಆಗಷ್ಟೇ ಒಡೆದು ಬಂದ ಮರಿ. ಎರಡೂ ಕಿವಿಗಳ ಹಿಂಭಾಗ ಮತ್ತು ಕತ್ತಿನ ಮೇಲಿನ ಕೂದಲ ಅಂಚು ಅವುಗಳಿಗೆ ಇಷ್ಟವಾದ ಜಾಗಗಳಾದ್ದರಿಂದ ಅಲ್ಲಿ ಎರಡು ಸಲ ಬಾಚಿ. ಸೊಂಟದುದ್ದದ ಕೂದಲಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅತ್ತೆಯವರಿಗೆ ಹೇನು ನೋಡಿ ಕುಕ್ಕುವ ಅಭ್ಯಾಸವಿದ್ದರೆ ಈ ಕೆಲಸವನ್ನು ಅವರಿಗೇ ಒಪ್ಪಿಸಿ. ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ಕಥೆ ಹೇಳುತ್ತಾ ಕೂದಲೆಳೆ ಬಿಡಿಸುವ ಆ ಕೈಗಳ ತಾಳ್ಮೆ ನಮ್ಮ ಕೈಗಳಿಗೆ ಇರುವುದು ಕಡಿಮೆ.

ಬಾಚಿದ ನಂತರ ಸೀಗೆಪುಡಿಯನ್ನೋ ಶಾಂಪೂವನ್ನೋ ಹಾಕಿ ತಲೆ ತೊಳೆಯಿರಿ, ಸೀಗೆ ಕಣ್ಣಿಗೆ ಇಳಿಯದಂತೆ ತಲೆಯನ್ನು ಹಿಂದಕ್ಕೆ ಬಾಗಿಸಿ. ಬುಧವಾರದಂದು ಎಣ್ಣೆಯ ಬದಲು ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚಿ ಬಾಚಬಹುದು. ಅದು ಮನೆಯಲ್ಲಿ ಇಲ್ಲದಿದ್ದರೆ ದಾಸವಾಳದ ಸೊಪ್ಪನ್ನು ಕಿವುಚಿ ತೆಗೆದ ಲೋಳೆ ಅದೇ ಕೆಲಸ ಮಾಡುತ್ತದೆ. ಕೂದಲು ಜಾರುವಂತಾಗಬೇಕು, ಹೇನು ಓಡದಂತಾಗಬೇಕು, ಅಷ್ಟೇ. ಎರಡು ವಾರಗಳ ಬಾಚಣಿಕೆಯ ನಂತರ ಮೂರನೆಯ ವಾರದ ಎರಡೂ ದಿನ ಬಿಳಿ ಬಟ್ಟೆ ಸ್ವಚ್ಛವಾಗಿ ಉಳಿದರೆ ಹೇನು ಹೋಗಿದೆ ಎಂದು ತಿಳಿಯಬಹುದು. ಒಂದೇ ಒಂದು ಜೀವಂತ ಹೇನು ಕಂಡರೂ ಅಂದಿನಿಂದ ಲೆಕ್ಕವನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕು.

ಎಣ್ಣೆಯೇ ಹೇನನ್ನು ಉಸಿರುಗಟ್ಟಿಸಿ ಕೊಲ್ಲುವುದಿಲ್ಲವೇ ಎಂದರೆ, ಅದನ್ನು ನಂಬಿ ಬಾಚುವುದನ್ನು ಬಿಡಬೇಡಿ. ಹೇನು ತನ್ನ ಮೈಬದಿಯ ಉಸಿರು ರಂಧ್ರಗಳನ್ನು ಮುಚ್ಚಿಕೊಂಡು ಗಂಟೆಗಟ್ಟಲೆ ಇರಬಲ್ಲದು. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ವಿನೆಗರ್, ಆಲಿವ್ ಎಣ್ಣೆ, ಬೆಣ್ಣೆ ಮುಂತಾದ ಮನೆಮದ್ದುಗಳನ್ನು ಪರೀಕ್ಷಿಸಿದಾಗ ಪೆಟ್ರೋಲಿಯಂ ಜೆಲ್ಲಿಯೊಂದನ್ನು ಬಿಟ್ಟರೆ ಬೇರಾವುದೂ ಗಣನೀಯವಾಗಿ ಹೇನುಗಳನ್ನು ಕೊಲ್ಲಲಿಲ್ಲ, ಹೇನುಗಳು ಗಂಟೆಗಟ್ಟಲೆ ನೀರಿನಲ್ಲಿ ಮುಳುಗಿಯೂ ಬದುಕಿದವು. ಕೊಬ್ಬರಿ ಎಣ್ಣೆಯ ಪರವಾಗಿಯೂ ಒಂದು ಮಾತಿದೆ: 2010ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪರೀಕ್ಷೆಯೊಂದರಲ್ಲಿ ತೆಂಗು ಮತ್ತು ಸೋಂಪಿನ ಅಂಶಗಳಿಂದ ತಯಾರಿಸಿದ ಸಿಂಪಡಣೆ 50 ಜನರಲ್ಲಿ 41 ಮಂದಿಗೆ ಗುಣ ನೀಡಿತು, ಪರ್ಮೆಥ್ರಿನ್ 50ರಲ್ಲಿ 21 ಮಂದಿಗೆ. ಆದರೆ ಅದು ಪ್ರಯೋಗಾಲಯದಲ್ಲಿ ಹದ ಮಾಡಿದ ದ್ರಾವಣ, ನಮ್ಮ ಅಡುಗೆಮನೆಯ ಎಣ್ಣೆಯಲ್ಲ. ಹೋಲಿಸಿದ ಪರ್ಮೆಥ್ರಿನ್ ಕೂಡ ರೂಢಿಯ 1 ಪ್ರತಿಶತಕ್ಕಿಂತ ಕಡಿಮೆ ಸಾಂದ್ರತೆಯದು.

ಬಾಚಣಿಕೆಯ ಬಗ್ಗೆಯೂ ಉತ್ಪ್ರೇಕ್ಷೆ ಮಾಡಲಾರೆ. ಬ್ರಿಟನ್ನಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಒದ್ದೆ ಕೂದಲು ಬಾಚಿದವರಲ್ಲಿ ಗುಣವಾದವರು 38 ಪ್ರತಿಶತ ಮಾತ್ರ, ಮೆಲಥಿಯಾನ್ ಔಷಧ ಹಚ್ಚಿದವರಲ್ಲಿ 78 ಪ್ರತಿಶತ. ಅದೇ ದೇಶದಲ್ಲಿ 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸರಿಯಾದ ಬಾಚಣಿಗೆಗಳನ್ನು ಕೊಟ್ಟು ಕ್ರಮ ತಪ್ಪದೆ ಬಾಚಿಸಿದಾಗ 57 ಪ್ರತಿಶತ ಗುಣ ಕಂಡಿತು. ಅಂಗಡಿಯ ಔಷಧವನ್ನು ನಿಮ್ಮಂತೆಯೇ ಒಂದೇ ಸಲ ಹಚ್ಚಿದವರಲ್ಲಿ ಅದು 13 ಪ್ರತಿಶತ. ಬಾಚಣಿಗೆ ಹೇಗಿದೆ, ಎಷ್ಟು ಸಲ ಬಾಚಿದ್ದೇವೆ ಎಂಬುದರ ಮೇಲೆ ಫಲ ಎಷ್ಟು ಬದಲಾಗುತ್ತದೆ ಎಂಬುದಕ್ಕಾಗಿ ಈ ಅಂಕಿಗಳನ್ನು ಹೇಳಿದೆ. ಮೂರು ವಾರ ನಿಷ್ಠೆಯಿಂದ ಬಾಚಿದರೂ ಹೇನು ಉಳಿದರೆ ಔಷಧವನ್ನು ದೂರ ಇಡಬೇಡಿ. 1 ಪ್ರತಿಶತದ ಪರ್ಮೆಥ್ರಿನ್ ಅನ್ನು ಎಣ್ಣೆಯ ಜಿಡ್ಡಿಲ್ಲದಂತೆ ತೊಳೆದು ಒರೆಸಿದ ಕೂದಲಿಗೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆದು, 9 ದಿನಗಳ ನಂತರ ಮತ್ತೊಮ್ಮೆ ಹಚ್ಚುವುದು 8 ವರ್ಷದ ಮಗುವಿಗೆ ಸೀತಾಫಲದ ಬೀಜಕ್ಕಿಂತ ಎಷ್ಟೋ ಪಾಲು ಸುರಕ್ಷಿತ. ಗಿಡದಿಂದ ಬಂದದ್ದೆಲ್ಲ ಸೌಮ್ಯ, ಅಂಗಡಿಯಿಂದ ಬಂದದ್ದೆಲ್ಲ ವಿಷ ಎಂಬ ಎಣಿಕೆಯನ್ನು ಹೇನಿನ ವಿಷಯದಲ್ಲಿ ಒಪ್ಪಲು ನನಗೆ ಸಾಧ್ಯವಿಲ್ಲ.

ಬೇವಿನ ಬಗ್ಗೆ ನೀವು ಕೇಳದಿದ್ದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇವಿನ ಬೀಜದ ಸಾರದಿಂದ ತಯಾರಿಸಿದ ಶಾಂಪೂಗಳು ಪರೀಕ್ಷೆಗಳಲ್ಲಿ ಹೇನನ್ನು ಕೊಂದಿವೆ, ಆದರೆ ಎಲೆ ಅರೆದು ಹಚ್ಚುವುದಕ್ಕೆ ಆ ಬಲವಿಲ್ಲ. ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆಗೆ ಅರ್ಧ ಚಮಚ ಬೇವಿನೆಣ್ಣೆ ಬೆರೆಸಿ ಹಚ್ಚಿದರೆ ಅಡ್ಡಿಯಿಲ್ಲ, ಉರಿಯಾದರೆ ತೊಳೆದುಬಿಡಿ. ಆದರೆ ಬೇವಿನೆಣ್ಣೆ ಕುಡಿದು ಚಿಕ್ಕ ಮಕ್ಕಳು ಫಿಟ್ಸ್ ಬಂದು ಪ್ರಜ್ಞೆ ತಪ್ಪಿದ ಉದಾಹರಣೆಗಳಿವೆ. ಬಾಟಲಿ ಚಿಕ್ಕ ಮಗುವಿನ ಕೈಗೆ ಎಟುಕದ ಜಾಗದಲ್ಲಿರಲಿ. ನಿಂಬೆರಸ, ಈರುಳ್ಳಿ ರಸ, ಬೆಳ್ಳುಳ್ಳಿ, ಇವು ಕೆರೆದ ಗಾಯದ ಮೇಲೆ ಉರಿ ಎಬ್ಬಿಸುತ್ತವೆ. ಸೀರಿನ ಅಂಟನ್ನು ನಿಂಬೆಯಾಗಲಿ ವಿನೆಗರ್ ಆಗಲಿ ಕರಗಿಸುವುದಿಲ್ಲ. ದಿಂಬಿನ ಕೆಳಗೆ ತುಳಸಿ ಇಟ್ಟರೆ ಹಾನಿಯಿಲ್ಲ, ಹೇನಿಗೂ ಇಲ್ಲ.

ಬಿಳಿ ಚುಕ್ಕೆಗಳನ್ನು ಕಂಡು ಗಾಬರಿಯಾಗುವ ತಾಯಂದಿರಿಗೆ ಒಂದು ಗುರುತು ಹೇಳುತ್ತೇನೆ. ಬೆರಳಿನಿಂದ ಎಳೆದಾಗ ಜಾರಿ ಬಂದರೆ ಅದು ಹೊಟ್ಟು, ಜಾರದೆ ಕೂದಲನ್ನೇ ಹಿಡಿದು ಕೂತರೆ ಸೀರು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆದ್ದರಿಂದ ನೆತ್ತಿಯಿಂದ ಒಂದು ಸೆಂಟಿಮೀಟರಿಗಿಂತ ದೂರದಲ್ಲಿ ಹೊಳೆಯುವ ಸೀರುಗಳು ಬಹುಪಾಲು ಒಡೆದು ಖಾಲಿಯಾದ ಸಿಪ್ಪೆಗಳು. ಅವಕ್ಕಾಗಿ ಮತ್ತೆ ಔಷಧ ಹಚ್ಚಬೇಕಾಗಿಲ್ಲ. ಹೇನುಗಳೆಲ್ಲ ಹೋದ ಮೇಲೂ ಒಂದೆರಡು ವಾರ ತುರಿಕೆ ಇರಬಹುದು, ಅದು ಹೇನಿನ ಜೊಲ್ಲಿಗೆ ಚರ್ಮ ತೋರಿಸುವ ಅಲರ್ಜಿ. ಇದೇ ಅಲರ್ಜಿ ಹುಟ್ಟಲು ಮೊದಲ ಸಲ ನಾಲ್ಕರಿಂದ ಆರು ವಾರ ಹಿಡಿಯುವುದರಿಂದ, ಮಗು ತಲೆ ಕೆರೆದುಕೊಳ್ಳಲು ಆರಂಭಿಸುವ ಹೊತ್ತಿಗೆ ಪಕ್ಕದಲ್ಲಿ ಮಲಗುವ ಅಜ್ಜಿಗೂ ತಾಯಿಗೂ ಹೇನು ಹತ್ತಿರಬಹುದು. ಅದರಿಂದ ಮೊದಲ ಭಾನುವಾರವೇ ಮನೆಯ ಎಲ್ಲರ ತಲೆಗಳನ್ನೂ ಸೀರಣಿಗೆಯಿಂದ ನೋಡಬೇಕು, ಗಂಡಸರನ್ನೂ ಬಿಡಬಾರದು. ಹೇನು ಕಂಡವರು ಅಂದಿನಿಂದಲೇ ಬಾಚಣಿಕೆ ಆರಂಭಿಸಬೇಕು. ಒಂದೂವರೆ ವರ್ಷದ ಮಗುವಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮೃದುವಾಗಿ ಬಾಚಿದರೆ ಸಾಕು. ವೈದ್ಯರನ್ನು ಕೇಳದೆ ಬೇರೇನನ್ನೂ ಹಚ್ಚಬೇಡಿ.

ತಲೆಯಿಂದ ಬಿದ್ದ ಹೇನು ಒಂದೆರಡು ದಿನಗಳಲ್ಲಿ ಸಾಯುತ್ತದೆ. ಹಾಸಿಗೆಗೆ, ಗೋಡೆಗೆ ಔಷಧ ಹೊಡೆಯುವ ಅಗತ್ಯವಿಲ್ಲ. ದಿಂಬಿನ ಹೊದಿಕೆ, ಟವೆಲು, ಜಡೆಯ ರಿಬ್ಬನ್ನುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಬಾಚಣಿಗೆಗಳನ್ನು ಕೈ ಇಡಲಾಗದಷ್ಟು ಬಿಸಿಯಾದ ನೀರಿನಲ್ಲಿ 10 ನಿಮಿಷ ನೆನೆಸಿ. ನೆತ್ತಿಯಲ್ಲಿ ಕೀವು, ಹಕ್ಕಳೆ, ಕಿವಿಯ ಹಿಂದೆ ಅಥವಾ ಕತ್ತಿನಲ್ಲಿ ನೋಯುವ ಗಂಟು, ಜ್ವರ ಕಂಡರೆ ಮನೆಮದ್ದನ್ನು ಅಲ್ಲಿಗೆ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಕೂದಲು ಕತ್ತರಿಸಬೇಡಿ. ಮೊಟಕು ಮಾಡಿದರೆ ಬಾಚುವುದು ಸುಲಭವಾಗುತ್ತದೆ ಎಂಬುದು ನಿಜ. ಮಗಳೇ ಬೇಕೆಂದು ಕೇಳಿದರೆ ಬೇರೆ ಮಾತು. ಆದರೆ ಹೇನು ಬಂದದ್ದಕ್ಕೆ ಶಿಕ್ಷೆಯೆಂಬಂತೆ ಆ ಜಡೆಯನ್ನು ಕಳೆದುಕೊಳ್ಳುವ ತಪ್ಪನ್ನು ಅವಳು ಮಾಡಿಲ್ಲ. ಶಾಲೆಗೆ ಹೋಗುವಾಗ ಎರಡು ಜಡೆ ಬಿಗಿಯಾಗಿ ಹೆಣೆದು ಮಡಿಸಿ ಕಟ್ಟಿ. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ, ಕೊಳೆಯಿಂದ ಹುಟ್ಟುವುದೂ ಇಲ್ಲ. ತಲೆಗೆ ತಲೆ ತಾಗಿದಾಗ ತೆವಳಿ ಹೋಗುತ್ತದೆ, ತೊಳೆದ ತಲೆಗೂ ತೊಳೆಯದ ತಲೆಗೂ ಸಮನಾಗಿ. ತಲೆಹೇನು ಯಾವ ರೋಗವನ್ನೂ ಹರಡುವುದಿಲ್ಲ. ಹೇನಿರುವ ಮಗುವನ್ನು ಶಾಲೆಯಿಂದ ದೂರ ಇಡಬೇಕಾಗಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳುತ್ತದೆ. ಇದನ್ನು ತರಗತಿಯ ಶಿಕ್ಷಕಿಯವರಿಗೆ ಸಮಾಧಾನದಿಂದ ತಿಳಿಸಿ, ನಿಮ್ಮ ಮಗಳಿಗೆ ಯಾರಿಂದಲೋ ಬಂದದ್ದು ತರಗತಿಯ ಇನ್ನೂ ಕೆಲವು ಮಕ್ಕಳ ತಲೆಯಲ್ಲಿ ಇದ್ದೇ ಇರುತ್ತದೆ ಎಂದು ಹೇಳಿ. ಒಬ್ಬಳನ್ನು ಬೇರೆ ಕೂರಿಸುವ ಬದಲು ಎಲ್ಲ ಮಕ್ಕಳ ಪಾಲಕರೂ ಒಂದೇ ಭಾನುವಾರ ತಮ್ಮ ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಸೀರಣಿಗೆ ಹಿಡಿಯುವಂತೆ ಡೈರಿಯಲ್ಲಿ ಒಂದು ಸಾಲು ಬರೆಸಿದರೆ, ನೀವು ಮೂರು ವಾರ ಪಟ್ಟ ಶ್ರಮವು ನಾಲ್ಕನೆಯ ವಾರ ಪಕ್ಕದ ಬೆಂಚಿನಿಂದ ಬಂದ ಹೇನಿನಿಂದ ಹಾಳಾಗುವುದಿಲ್ಲ.